ದೆವ್ವದ ಕಾದಂಬರಿಗೆ ತಿದ್ದುಪಡಿ

೧೯೯೮ರ ನವೆಂಬರ್ ೯, ಸೋಮವಾರ. ಬೆಳಗ್ಗೆ ಹನ್ನೊಂದು ಇಪ್ಪತ್ತಕ್ಕೆ ಕೃಷ್ಣರಾಜಪುರದ ಠಾಣೆಗೆ ಇಬ್ಬರು ಬಂದರು. ಒಬ್ಬರು ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ಪ್ರಿಯಂವದಾ. ಇನ್ನೊಬ್ಬ ಹಳೆ ಮದ್ರಾಸು ರಸ್ತೆಯಲ್ಲಿ ಕಾದಂಬರಿಗಳನ್ನು ಬಾಡಿಗೆಗೆ ಕೊಡುವ ಲೈಬ್ರರಿ ಇಟ್ಟಿದ್ದ ಅಬ್ದುಲ್. ಪ್ರಿಯಂವದಾ ಚೀಲದಿಂದ ಮೂರು ಪುಸ್ತಕ ತೆಗೆದು ಇನ್ಸ್‌ಪೆಕ್ಟರ್ ಶಿವರುದ್ರಪ್ಪನವರ ಮೇಜಿನ ಮೇಲಿಟ್ಟರು. ಮೂರರ ಮುಖಪುಟದಲ್ಲೂ ಕೂದಲು ಕೆದರಿದ ಹೆಂಗಸು, ಹಿಂದೆ ಪಾಳುಬಂಗಲೆ.

"ಏನ್ರೀ ಇದು, ದೆವ್ವದ ಮೇಲೆ ಕಂಪ್ಲೇಂಟಾ?"

"ದೆವ್ವದ ಮೇಲಲ್ಲ ಸಾರ್, ಓದೋರ ಮೇಲೆ. ಗುರುತು ಹಾಕಿರೋ ಪುಟ ನೋಡಿ."

ಶಿವರುದ್ರಪ್ಪ ದಾವಣಗೆರೆ ಕಡೆಯವರು, ಠಾಣೆಗೆ ಬಂದು ಎರಡು ವರ್ಷವಾಗಿತ್ತು. ಯಾರು ಏನು ಹೇಳಿದರೂ ಮೊದಲು ಹೇಳಿದವರನ್ನೇ ಅನುಮಾನಿಸುವುದು ಅವರ ರೂಢಿ. ಬೇಸರದಿಂದಲೇ ಪುಟ ತಿರುವಿದರು. ಸತ್ತವಳು ತಿಂಗಳೊಳಗೆ ದೆವ್ವವಾಗಿ ಬಂದಳೆಂಬ ಸಾಲಿನ ಪಕ್ಕದ ಅಂಚಿನಲ್ಲಿ, ಕೂದಲೆಳೆಯಷ್ಟು ಸಣ್ಣ ಪೆನ್ಸಿಲ್ ಅಕ್ಷರ: 'ಸುಳ್ಳು. ಎಂಟು ವರ್ಷವಾದರೂ ಬರುವುದಿಲ್ಲ.' ಎರಡನೆಯ ಪುಸ್ತಕದಲ್ಲಿ ಹೂತ ಹೆಣ ವಾಸನೆಯಿಂದ ಪತ್ತೆಯಾಗುವ ಕಡೆ: 'ತಪ್ಪು. ಎರಡು ಮೂಟೆ ಉಪ್ಪು, ಮೇಲೆ ನಾಲ್ಕು ಇಂಚು ಗಾರೆ. ವಾಸನೆ ಬರುವುದಿಲ್ಲ.'

ಮೂರನೆಯದನ್ನು ಓದಿದಾಗ ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು. 'ಕಾಲುಂಗುರ ಬಿಟ್ಟರೆ ಬರುತ್ತಾಳೆಂದು ಬಿಟ್ಟೆ. ಬರಲಿಲ್ಲ.'

"ಯಾರೋ ತಮಾಷೆಗೆ ಗೀಚಿರ್ಬೇಕು ಅಂತ ನಾನು ಅಂದೆ ಸಾರ್," ಎಂದ ಅಬ್ದುಲ್. "ಅಮ್ಮ ಕೇಳಲಿಲ್ಲ."

"ನಾನು ಹದಿನೈದು ವರ್ಷದಿಂದ ಹೆದರೋ ಪುಸ್ತಕಾನೇ ಓದ್ತಿದೀನಿ," ಎಂದರು ಪ್ರಿಯಂವದಾ. "ಹೆದರಿಸೋಕೆ ಬರೆಯೋರು ಹೀಗೆ ಬರೆಯಲ್ಲ."

ಶಿವರುದ್ರಪ್ಪ ಬಿಳಿ ಹಾಳೆಯೊಂದನ್ನು ಅವರ ಮುಂದೆ ತಳ್ಳಿದರು. "ಆ ಮೂರು ಸಾಲು ಇದರ ಮೇಲೆ ಬರೀರಿ."

"ನನ್ನನ್ನೇ ಅನುಮಾನಿಸ್ತೀರಾ?"

"ಎಲ್ಲರನ್ನೂ."

ಅವರ ಅಕ್ಷರ ಹೊಂದಲಿಲ್ಲ. ಠಾಣಾ ದಿನಚರಿಯಲ್ಲಿ ದೂರು ಬರೆದುಕೊಂಡು, ಮಹಜರು ಮಾಡಿ ಪುಸ್ತಕಗಳನ್ನು ವಶಕ್ಕೆ ಪಡೆದರು. ಮಧ್ಯಾಹ್ನ ಹೆಡ್ ಕಾನ್ಸ್‌ಟೇಬಲ್ ದೊಡ್ಡಮುನಿಯಪ್ಪ ಲೈಬ್ರರಿಗೆ ಹೋಗಿ ಉಳಿದ ಪುಸ್ತಕಗಳನ್ನೂ ಜಾಲಾಡಿದರು. ಒಟ್ಟು ಒಂಬತ್ತರಲ್ಲಿ ಅದೇ ಅಕ್ಷರವಿತ್ತು. ಒಂಬತ್ತನ್ನೂ ಓದಿದವರು, ಅಬ್ದುಲ್‌ನ ರಿಜಿಸ್ಟರಿನ ಪ್ರಕಾರ, ಮೂವರು: ಪ್ರಿಯಂವದಾ, ವಾರಪತ್ರಿಕೆಗಳಿಗೆ ದೆವ್ವದ ಕತೆ ಬರೆಯುವ ಕಶ್ಯಪ್, ಸರ್ಕಾರಿ ಕಾರ್ಖಾನೆಯಿಂದ ನಿವೃತ್ತರಾದ ಹಯಗ್ರೀವ.

ಮಂಗಳವಾರ ಹತ್ತಕ್ಕೆ ಕಶ್ಯಪ್‌ನನ್ನು ಕರೆಸಿದರು.

"ಹೆಣಕ್ಕೆ ಉಪ್ಪು ಹಾಕಿದ್ರೆ ಏನಾಗುತ್ತೆ?"

"ವಾಸನೆ ತಡೆಯುತ್ತೆ ಅಂತಾರೆ ಸಾರ್."

"ನಿಂಗ್ಹೇಗೆ ಗೊತ್ತು?"

"ಕತೆಗೋಸ್ಕರ ಓದಿದ್ದು..." ಹುಡುಗ ಬೆವರಿದ. ಅವನ ಬೆವರು ಶಿವರುದ್ರಪ್ಪನವರಿಗೆ ಇಷ್ಟವಾಯಿತು, ಅಕ್ಷರ ಮಾತ್ರ ಕೈಕೊಟ್ಟಿತು. ಅವನದು ಕಾಗೆ ಕಾಲಿನಂಥ ಅಕ್ಷರ.

ಸಂಜೆ ನಾಲ್ಕಕ್ಕೆ ದೊಡ್ಡಮುನಿಯಪ್ಪ ಹಳೆಯ ಕಾಣೆಯಾದವರ ಕಡತವೊಂದನ್ನು ಧೂಳು ಕೊಡವಿ ತಂದರು. "ಎಂಟು ವರ್ಷ ಅಂತ ಬರೆದಿದೆಯಲ್ಲ ಸಾರ್, ತೊಂಬತ್ತನೇ ಇಸವಿದು ತೆಗೆದೆ. ಇಲ್ನೋಡಿ."

ಕೋಕಿಲಾ, ವಯಸ್ಸು ನಲವತ್ತೊಂದು. ೧೯೯೦ರ ಮಾರ್ಚ್ ೧೬ರ ಶುಕ್ರವಾರ ಮನೆಯಿಂದ ಹೋದವರು ಹಿಂತಿರುಗಿಲ್ಲ. ದೂರು ಕೊಟ್ಟವರು ಗಂಡ, ಹಯಗ್ರೀವ.

ಬುಧವಾರ ಬೆಳಗ್ಗೆ ಒಂಬತ್ತೂವರೆಗೆ ಶಿವರುದ್ರಪ್ಪ, ದೊಡ್ಡಮುನಿಯಪ್ಪ ಇಬ್ಬರೂ ಹಯಗ್ರೀವರ ಮನೆಗೆ ಹೋದರು. ಬಾಗಿಲು ತೆರೆದೇ ಇತ್ತು, ಕಿಟಕಿಗಳೂ. ಅರವತ್ತರ ಹಯಗ್ರೀವ ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಒಳಗೆ ಒಂದೇ ಒಂದು ಕುರ್ಚಿ, ಅದನ್ನು ಹಿತ್ತಲ ಬಾಗಿಲಿನತ್ತ ಮುಖ ಮಾಡಿ ಹಾಕಲಾಗಿತ್ತು.

"ಕಾರ್ಖಾನೆಯಲ್ಲಿ ಏನು ಕೆಲಸ ಮಾಡ್ತಿದ್ರಿ?"

"ಡ್ರಾಯಿಂಗ್ ಸೆಕ್ಷನ್ ಸಾರ್. ಬೇರೆಯವರು ಬರೆದ ನಕ್ಷೆಯಲ್ಲಿ ತಪ್ಪು ಹುಡುಕೋದು."

"ಇದರ ಮೇಲೆ ನಿಮ್ಮ ವಿಳಾಸ ಬರೆದುಕೊಡಿ."

ಹಯಗ್ರೀವ ಜೇಬಿನಿಂದ ಸೂಜಿಯಂತೆ ಚೂಪಾದ ಪೆನ್ಸಿಲ್ ತೆಗೆದರು. ಸಣ್ಣ, ನೆಟ್ಟನೆಯ, ಅಳೆದಿಟ್ಟಂಥ ಅಕ್ಷರಗಳು ಮೂಡಿದವು. ಶಿವರುದ್ರಪ್ಪ ಹಾಳೆ ಮಡಿಚಿಕೊಂಡು ಹಿತ್ತಲಿಗೆ ಇಳಿದರು. ನೀರಿನ ಹಳೆಯ ಸಂಪಿನ ಬಾಯಿಗೆ ಗಾರೆ ಬಳಿದಿತ್ತು.

"ಇದನ್ನ ಯಾಕೆ ಮುಚ್ಚಿಸಿದ್ರಿ?"

"ಸೋರ್ತಿತ್ತು."

"ಯಾವಾಗ?"

"ತೊಂಬತ್ತರಲ್ಲಿ."

"ಮೇಸ್ತ್ರಿ ಯಾರು?"

ಹಯಗ್ರೀವ ಬಗ್ಗಿ ಗಾರೆಯ ಮೇಲೆ ಬಿದ್ದಿದ್ದ ಒಣ ಎಲೆ ತೆಗೆದು ಹಾಕಿದರು. "ನಾನೇ ಮಾಡ್ದೆ," ಎಂದರು. ಆಮೇಲೆ, ಕೇಳದಿದ್ದರೂ, "ಒಳಗೆ ಅವಳಿದಾಳೆ" ಎಂದರು.

ದೊಡ್ಡಮುನಿಯಪ್ಪ ತಟ್ಟನೆ ಅವರ ತೋಳು ಹಿಡಿದರು. ಅದರ ಅಗತ್ಯವಿರಲಿಲ್ಲ. ಹನ್ನೊಂದು ಗಂಟೆಗೆ ಎಫ್‌ಐಆರ್ ದಾಖಲಾಯಿತು, ಕೊಲೆ ಮತ್ತು ಸಾಕ್ಷ್ಯನಾಶ. ಮಧ್ಯಾಹ್ನ ಎರಡಕ್ಕೆ ತಹಶೀಲ್ದಾರರ ಎದುರಿನಲ್ಲಿ ಸಂಪು ಒಡೆಸಿದರು. ಗಾರೆಯ ದಪ್ಪ ನಾಲ್ಕು ಇಂಚು. ಕೆಳಗೆ ಗಟ್ಟಿಯಾದ ಉಪ್ಪು, ಅದರೊಳಗೆ ಮೂಳೆಗಳು, ಎರಡು ಬೆಳ್ಳಿ ಕಾಲುಂಗುರ. ಪಂಚನಾಮೆಗೆ ಪಂಚರ ಸಹಿ ಬಿದ್ದಾಗ ನಾಲ್ಕೂ ಮುಕ್ಕಾಲು.

ಠಾಣೆಯಲ್ಲಿ ಹಯಗ್ರೀವ ಏನನ್ನೂ ಮುಚ್ಚಿಡಲಿಲ್ಲ.

"ಒಂದು ಶುಕ್ರವಾರ ಫ್ಯಾಕ್ಟರಿಯಿಂದ ಬೇಗ ಬಂದೆ. ಮನೆಗೆ ಬೀಗ. ಮುಂದಿನ ವಾರಾನೂ ಬೀಗ. ಅವಳ ಮೊಣಕೈ, ಮೊಣಕಾಲು ತರಚಿತ್ತು. ಎಲ್ಲಿಗೆ ಹೋಗ್ತೀಯ ಅಂತ ಕೇಳ್ದೆ. ನಕ್ಕಳು ಸಾರ್. ಒಂದು ಮಾತು ಹೇಳಿದ್ರೆ ಸಾಕಿತ್ತು. ಕತ್ತು ಹಿಡ್ಕೊಂಡೆ, ಹೇಳ್ಲಿ ಅಂತ."

"ದೆವ್ವದ ಪುಸ್ತಕ ಯಾಕೆ?"

"ಕೊಂದವನನ್ನ ಹುಡ್ಕೊಂಡು ಬರ್ತಾರೆ ಅಂತ ಎಲ್ಲದರಲ್ಲೂ ಬರೆದಿದಾರಲ್ಲ. ಬಂದ್ರೆ ಕೇಳ್ಬೇಕಿತ್ತು, ಎಲ್ಲಿಗೆ ಹೋಗ್ತಿದ್ದೆ ಅಂತ. ಬಾಗಿಲು ಹಾಕದೆ ಕಾದೆ. ಬರಲಿಲ್ಲ. ಓದ್ತಾ ಓದ್ತಾ ತಪ್ಪು ಕಂಡಾಗ ಕೈ ಸುಮ್ನಿರ್ತಿರಲಿಲ್ಲ."

ಶಿವರುದ್ರಪ್ಪ ಹೇಳಿಕೆ ಬರೆಯುತ್ತಿದ್ದ ಕೈ ತಡೆದರು. 'ಎಲ್ಲಿಗೆ ಹೋಗಿದ್ದೆ' ಎಂದು ತಾವೂ ಮನೆಯಲ್ಲಿ ಹೆಂಡತಿಯನ್ನು ಪೊಲೀಸಿನ ದನಿಯಲ್ಲೇ ಕೇಳುವುದು ನೆನಪಾಯಿತು.

ಗುರುವಾರ ಬೆಳಗ್ಗೆ ಪತ್ರಿಕೆಯಲ್ಲಿ ಸುದ್ದಿ ನೋಡಿ ಮಾರತ್ತಹಳ್ಳಿಯಿಂದ ಆಂಜನಮ್ಮ ಎಂಬವರು ಬಸ್ಸು ಹತ್ತಿ ಬಂದರು. ತೊಂಬತ್ತರಲ್ಲಿ ಹಯಗ್ರೀವರ ಮನೆಯ ಹಿಂದಿನ ಬೀದಿಯಲ್ಲಿದ್ದವರು. ಬೆಂಚಿನ ಮೇಲೆ ಕೂತು ಬಹಳ ಹೊತ್ತು ಅತ್ತರು.

"ಶುಕ್ರವಾರ ನನಗೆ ರಜ ಸಾರ್. ನನ್ ಮೊಪೆಡ್ಡಲ್ಲಿ ಗ್ರೌಂಡ್‌ಗೆ ಹೋಗ್ತಿದ್ವಿ. ಕೋಕಿಲಾ ಓಡಿಸೋದು ಕಲೀತಿದ್ಲು. ಎಷ್ಟು ಸಲ ಬಿದ್ಲೋ! ಪೂರ್ತಿ ಬರೋ ತನಕ ಅವರಿಗೆ ಹೇಳಬಾರದು, ಒಂದಿನ ಫ್ಯಾಕ್ಟರಿ ಗೇಟಿಗೇ ಹೋಗಿ ಹಿಂದೆ ಕೂರಿಸ್ಕೊಂಡು ಬರ್ತೀನಿ ಅಂತ ನನ್ನ ಕೈಲಿ ಆಣೆ ಹಾಕಿಸಿದ್ಲು. ಅವಳು ಮನೆ ಬಿಟ್ಟು ಹೋದ್ಲು ಅಂದಾಗ, ಗಾಡಿ ಕಲಿಸಿ ನಾನೇ ಕೆಡಿಸಿದೆ ಅಂತಾರೇನೋ ಅಂತ ಹೆದರಿ ಸುಮ್ನಿದ್ದೆ."

ಹತ್ತೂವರೆಗೆ ನ್ಯಾಯಾಲಯಕ್ಕೆ ಕರೆದೊಯ್ಯುವ ಮುನ್ನ ಶಿವರುದ್ರಪ್ಪ ಲಾಕಪ್ಪಿನ ಮುಂದೆ ನಿಂತರು. ಹೇಳಬೇಕೆಂಬ ನಿಯಮವಿರಲಿಲ್ಲ, ಹೇಳಬಾರದೆಂದೂ ಇರಲಿಲ್ಲ. ಆಂಜನಮ್ಮನ ಹೇಳಿಕೆಯನ್ನು ಮೊದಲಿಂದ ಕೊನೆಯವರೆಗೂ ಓದಿ ಹೇಳಿದರು.

ಹಯಗ್ರೀವ ಸರಳು ಹಿಡಿದು ಕೇಳಿಸಿಕೊಂಡರು. "ಕಲಿತಿದ್ಲಾ?" ಎಂದರು.

"ಕಲಿತಿದ್ರಂತೆ, ಹೊರಡುವಾಗ ಆಂಜನಮ್ಮ ಹೇಳಿದ್ರು. ಸಾಯೋ ಹಿಂದಿನ ವಾರ ಒಬ್ಬರೇ ಮಾರ್ಕೆಟ್‌ವರೆಗೂ ಓಡಿಸ್ಕೊಂಡು ಹೋಗಿ ಬಂದಿದ್ರಂತೆ."

ಹಯಗ್ರೀವ ಸರಳು ಬಿಟ್ಟು ಗೋಡೆಯತ್ತ ತಿರುಗಿ ಕೂತರು. ಶಿವರುದ್ರಪ್ಪ ಮೇಜಿಗೆ ಮರಳಿ ಕೇಸ್ ಡೈರಿಯಲ್ಲಿ ಬರೆದರು: 'ಕೃತ್ಯಕ್ಕೆ ಕಾರಣ, ಪತ್ನಿಯ ಮೇಲಿನ ಅನುಮಾನ. ಅನುಮಾನಕ್ಕೆ ಯಾವುದೇ ಆಧಾರ ತನಿಖೆಯಲ್ಲಿ ಕಂಡುಬಂದಿಲ್ಲ.' ಸಹಿ ಹಾಕಿ, ಜೀಪು ತರಲು ದೊಡ್ಡಮುನಿಯಪ್ಪನವರಿಗೆ ಹೇಳಿದರು.