ಅವನ ಹೆಸರಲ್ಲಿ ಅವಳ ಎದೆಬಡಿತ

ಶರ್ವಾಣಿಗೆ ಎರಡು ಚಟಗಳಿದ್ದವು. ಬೆಳಿಗ್ಗೆ ಸಹಕಾರನಗರದ ಪಾರ್ಕಿನಲ್ಲಿ ಬೆವರು ಸುರಿಯುವಂತೆ ನಡೆಯುವುದು ಒಂದು. ನಡೆದ ಮೇಲೆ ಕೊಡಿಗೇಹಳ್ಳಿಯ ಪುನೀತನ ಬೇಕರಿಗೆ ಹೋಗಿ, ಬಿಸಿ ಖಾರಾ ಬನ್ನಿಗೆ ಬೆಣ್ಣೆ ಹಚ್ಚಿಸಿಕೊಂಡು ತಿನ್ನುವುದು ಇನ್ನೊಂದು. ಮೊದಲನೆಯದನ್ನು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು. ಎರಡನೆಯದು ಪುನೀತನಿಗೆ ಮಾತ್ರ ಗೊತ್ತಿತ್ತು.

ಅವಳದು ಹೆಲ್ತ್ ಇನ್ಶೂರೆನ್ಸ್ ಕಂಪನಿಯಲ್ಲಿ ಕೆಲಸ. ಪ್ರೀಮಿಯಂ ಏಕೆ ಏರಿತು ಎಂದು ಜನರಿಗೆ ಫೋನಿನಲ್ಲಿ ವಿವರಿಸಬೇಕು, ಬೈಸಿಕೊಳ್ಳಬೇಕು. ಮೊದಲ ಸಲ ಬೇಕರಿಗೆ ಬಂದ ದಿನವೂ ಅದನ್ನೇ ಮಾಡುತ್ತಿದ್ದಳು.

"ಸಿಗರೇಟ್ ಸೇದ್ತೀರಲ್ಲ ಸರ್, ಅದಕ್ಕೇ ಜಾಸ್ತಿ ಬಂದಿದೆ," ಎಂದು ಫೋನಿಟ್ಟು ತಲೆಯೆತ್ತಿದರೆ, ಕೌಂಟರಿನ ಹಿಂದಿದ್ದವನು ಕೈಯಲ್ಲಿದ್ದ ಸಿಗರೇಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸುತ್ತಿದ್ದ.

"ನಂಗೇ ಹೇಳಿದ್ರಾ ಮೇಡಂ?"

"ನಿಮಗಲ್ಲ. ಆದ್ರೆ ನಿಮಗೂ ಸೇರುತ್ತೆ."

"ನಾನು ಸೇದಿದ್ರೆ ನಿಮ್ಗೇನ್ರೀ ನಷ್ಟ?"

"ದಿನಾ ಎದ್ದು ನಡೆಯೋಳು ನಾನು. ನಿಮ್ಮ ಆಸ್ಪತ್ರೆ ಬಿಲ್ಲನ್ನ ನಾನ್ಯಾಕೆ ಕಟ್ಲಿ?"

"ಸರಿ. ಕೋಳಿ ಕೂಗೋಕ್ ಮುಂಚೆ ಒಲೆ ಮುಂದೆ ನಿಲ್ಲೋನು ಯಾವಾಗ್ ನಡೀಬೇಕು ಹೇಳಿ? ನೀವು ನಡ್ಕೊಂಡು ಬರೋ ಹೊತ್ತಿಗೆ ಬನ್ ಬಿಸಿ ಇರ್ಬೇಕಲ್ಲ."

ಶರ್ವಾಣಿ ಅವನಿಟ್ಟ ಬನ್ನನ್ನು ಬಾಯ್ತುಂಬ ಕಚ್ಚಿದಳು. ಅವನು ನಕ್ಕ. ಎಡಗಣ್ಣಿನ ರೆಪ್ಪೆಯ ಮೇಲೆ ಚೂರು ಮೈದಾ ಕೂತಿತ್ತು. ಅದನ್ನು ಒರೆಸಬೇಕೆಂದು ಅವಳ ಬೆರಳು ತವಕಿಸಿತು, ಮತ್ತು ಅದಕ್ಕಾಗಿ ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಹೀಗೆ ಜಗಳವಾಡುತ್ತಲೇ ಮಳೆಗಾಲ ಕಳೆಯಿತು.

ಒಂದು ಬೆಳಿಗ್ಗೆ ಪುನೀತ ಅವಳ ಮುಂದೆ ಹೆಜ್ಜೆ, ನಾಡಿ ಅಳೆಯುವ ಕಪ್ಪು ಬ್ಯಾಂಡೊಂದನ್ನು ಇಟ್ಟ. ಅವನ ಪಾಲಿಸಿ ಅವಳ ಕಂಪನಿಯದೇ. ಈಗ ಹೊಸ ನಿಯಮ ಬಂದಿತ್ತು. ಬ್ಯಾಂಡ್ ಕಟ್ಟಿಕೊಂಡು ದಿನಾ ನಡೆದು, ನಾಡಿ ಚೆನ್ನಾಗಿದ್ದರೆ ಪ್ರೀಮಿಯಂ ಇಳಿಯುತ್ತದೆ. ಇಲ್ಲದಿದ್ದರೆ ಏರುತ್ತದೆ.

"ಸಿಗರೇಟ್ ಸೇದ್ತೀನಿ ಅಂತ ನಿಜ ಹೇಳಿದ್ದಕ್ಕೆ ಈಗ್ಲೇ ಜಾಸ್ತಿ ಕಟ್ತಿದೀನಿ. ಇನ್ನೂ ಏರಿದ್ರೆ ಅಮ್ಮನ ಹೆಸರು ತೆಗೆಸ್ಬೇಕಾಗುತ್ತೆ," ಎಂದ. ತಮಾಷೆ ಮಾಡುವ ದನಿಯಲ್ಲ ಅದು.

ಶರ್ವಾಣಿ ಒಲೆಯ ಕಡೆ ನೋಡಿದಳು. ಪಕ್ಕದ ಸ್ಟೂಲಿನಲ್ಲಿ ಅವನ ತಾಯಿ ಗೋಪಾಲಮ್ಮ ಮಂಡಿ ನೀವಿಕೊಳ್ಳುತ್ತಾ ಕೂತಿದ್ದರು.

"ಕೊಡಿ ಇಲ್ಲಿ. ಹೇಗಿದ್ರೂ ನಾನು ನಡೀತೀನಲ್ಲ," ಎಂದು ಕೈ ಚಾಚಿದಳು, ಊರಿಗೆಲ್ಲ ನಿಯಮ ಹೇಳುವ ಮಹಾತಾಯಿ.

ಅವನೇ ಕಟ್ಟಿದ. ಅವಳ ಮಣಿಕಟ್ಟು ಸಣ್ಣದು, ಬ್ಯಾಂಡ್ ಜಾರುತ್ತಿತ್ತು. ಒಂದೊಂದೇ ತೂತು ಬಿಗಿ ಮಾಡುತ್ತಾ ಬಂದ. "ಬಿಗಿ ಆಯ್ತಾ?"

"ಇಲ್ಲ," ಎಂದಳು. ಆಗಲೇ ಬಿಗಿಯಾಗಿತ್ತು. ಹೌದೆಂದರೆ ಅವನು ಕೈ ತೆಗೆದುಬಿಡುತ್ತಿದ್ದ.

ಗೋಪಾಲಮ್ಮ ಇಬ್ಬರನ್ನೂ ನೋಡುತ್ತಿದ್ದರು. "ಇದೇನ್ಲಾ, ಮದ್ವೆ ಕಂಕಣ ಕಟ್ದಂಗೆ ಕಟ್ತಿದ್ದೀಯ? ನೋಡವ್ವಾ, ಕಂಕಣ ಕಟ್ಟುದ್ಮೇಲೆ ಸಾವಿನ ಮನೆ ಕಡೀಕ್ ಓಗ್ಬಾರ್ದು, ಗ್ಯಾನ ಇರ್ಲಿ."

ನಗಲೆಂದೇ ಆಡಿದ ಮಾತು. ಆದರೆ ಯಾಕೋ ಮೂವರಲ್ಲಿ ಯಾರೂ ನಗಲಿಲ್ಲ.

ಅಂದಿನಿಂದ ಪಾರ್ಕಿಗೆ ಹೋಗುವ ಮುಂಚೆ ಅವನು ಕಟ್ಟುವುದು, ಬಂದ ಮೇಲೆ ಬಿಚ್ಚುವುದು ವಾಡಿಕೆಯಾಯಿತು. ಬ್ಯಾಂಡು ಅಳೆದದ್ದೆಲ್ಲ ಅವನ ಫೋನಿಗೆ ಇಳಿಯುತ್ತಿತ್ತು. ಪುನೀತ್ ಎಂಬ ಹೆಸರಿನ ಕೆಳಗೆ ಹಸಿರು ಹೃದಯವೊಂದು ಮಿಡಿಯುತ್ತಿತ್ತು.

"ನೋಡಿ ಮೇಡಂ, ನನ್ ಹೃದಯ. ಕುದುರೆ ಥರ ಇದೆ."

"ಅದು ನಂದು."

"ನನ್ ಫೋನಲ್ಲಿದೆ ಅಂದ್ಮೇಲೆ ನಂದೇ." ಪರದೆಯನ್ನು ಅವಳ ಕಡೆ ತಿರುಗಿಸಿದ. "ಪಾರ್ಕಲ್ಲಿ ಇಷ್ಟೊತ್ತು ನೆಟ್ಟಗಿತ್ತು. ಬೇಕರಿ ಹತ್ರ ಬರ್ತಿದ್ದಂಗೆ ಎದ್ಬಿದ್ದು ಓಡಿದೆ. ಯಾಕೆ?"

"ರಸ್ತೆ ಏರು."

"ಈ ರಸ್ತೇಲಿ ಏರು ಎಲ್ಲಿದೆ?"

ಶರ್ವಾಣಿ ಬನ್ನಿನ ಹಿಂದೆ ಮುಖ ಮುಚ್ಚಿಕೊಂಡಳು. ಅಷ್ಟು ಸುಖವಾಗಿ ಯಾವತ್ತೂ ಸಿಕ್ಕಿಬಿದ್ದಿರಲಿಲ್ಲ.

ಆದರೆ ಆ ಚಳಿಗಾಲದಲ್ಲಿ ಅವಳು ಬೇರೆಯದನ್ನೂ ಗಮನಿಸುತ್ತಿದ್ದಳು. ಪುನೀತ ಈಗ ಮೈದಾ ಮೂಟೆಯನ್ನು ಎತ್ತುತ್ತಿರಲಿಲ್ಲ, ಎಳೆಯುತ್ತಿದ್ದ. ಮಂಜು ಮುಸುಕಿದ ಬೆಳಗಿನಲ್ಲೂ ಬೆವರುತ್ತಿದ್ದ. ಮಾತಿನ ನಡುವೆ ಬಲಗೈ ತಾನಾಗಿ ಎಡ ಭುಜಕ್ಕೆ ಹೋಗುತ್ತಿತ್ತು. ಕೇಳಿದರೆ, "ಗ್ಯಾಸ್ ಅಷ್ಟೇ," ಎಂದು ಸೋಡಾ ಕುಡಿಯುತ್ತಿದ್ದ. ಕುಡಿದು ಹೊರಗೆ ಹೋಗಿ ಸಿಗರೇಟು ಹಚ್ಚುತ್ತಿದ್ದ. ಪ್ರೀಮಿಯಂ ಏರಿಸಿದರೆ ಜನ ಸಿಗರೇಟು ಬಿಡುತ್ತಾರೆಂದು ಅವಳು ನಂಬಿದ್ದಳು. ಇವನು ಬಿಟ್ಟಿರಲಿಲ್ಲ, ಬಚ್ಚಿಡುವುದನ್ನು ಕಲಿತಿದ್ದ. ಕಲಿಸಿದವಳು ತಾನೇ ಎಂದು ಅವಳಿಗೆ ಗೊತ್ತಿತ್ತು.

ಒಂದು ಗುರುವಾರ ಪಾರ್ಕಿನಿಂದ ಬಂದಾಗ ಬನ್ ಸೀದಿತ್ತು. ಪುನೀತ ಮೈದಾ ಮೂಟೆಯ ಮೇಲೆ ಕೂತಿದ್ದ. ಮುಖ ಮೈದಾ ಹಿಟ್ಟಿಗಿಂತ ಬಿಳಿಚಿತ್ತು.

"ಏನಾಯ್ತು?"

"ಎದೆ ಒಂಥರಾ ಹಿಡ್ಕೊಂಡಿದೆ. ನಿನ್ನೇನೂ ಇತ್ತು, ಜಯಸಿಂಹ ಡಾಕ್ಟ್ರ ಹತ್ರ ಹೋಗಿದ್ದೆ. ಗ್ಯಾಸೇ ಅಂತೆ." ನಗಲು ನೋಡಿದ. "ಫೋನ್ ತೋರಿಸ್ದೆ, ಖುಷಿಯಾಗ್ಬಿಟ್ರು. ದಿನಾ ಇಷ್ಟ್ ನಡೆಯೋನಿಗೆ ಏನಾಗುತ್ತೆ ಹೋಗಯ್ಯ ಅಂದ್ರು."

ಶರ್ವಾಣಿ ಅವನ ಮುಂದೆ ಕುಕ್ಕರಿಸಿ ಕೂತಳು.

"ಪುನೀತ್, ಅದು ನನ್ನ ಹೃದಯ."

"ಗೊತ್ತು," ಎಂದ ಮೆತ್ತಗೆ. "ದಿನಾ ನೋಡಿ ನೋಡಿ, ನಂದೇ ಅನ್ನಿಸ್ಬಿಡ್ತು."

ಅವಳು ಅವನನ್ನು ಆಟೋ ಹತ್ತಿಸಿದಳು. ಬೇಕರಿಯ ಬಾಗಿಲಲ್ಲಿ ನಿಂತ ಗೋಪಾಲಮ್ಮನ ಮುಖ ನೋಡಲು ಧೈರ್ಯವಾಗಲಿಲ್ಲ.

ಕ್ಲಿನಿಕ್ಕಿನಲ್ಲಿ ಜಯಸಿಂಹ ಡಾಕ್ಟರು ಕನ್ನಡಕ ಏರಿಸಿ ನೋಡಿದರು. "ಮತ್ತೆ ಬಂದ್ಯಾ? ಇನ್ನೆರಡು ದಿನ ಮಾತ್ರೆ ತಗೋ, ಸರಿಹೋಗುತ್ತೆ," ಎನ್ನುತ್ತಾ ಚೀಟಿ ಬರೆಯತೊಡಗಿದರು.

ಪುನೀತ ಶರ್ವಾಣಿಯನ್ನು ನೋಡಿದ. ಬೇಡ ಎಂದು ಕಣ್ಣಲ್ಲೇ ಸನ್ನೆ ಮಾಡಿದ. ಆ ಒಂದು ನೋಟದಲ್ಲಿ ಅಮ್ಮನ ಪಾಲಿಸಿ ಇತ್ತು, ಅವಳ ಕೆಲಸವೂ ಇತ್ತು. ಡಾಕ್ಟರು ಬರೆದದ್ದು ಕ್ಲೇಮಿನ ಜೊತೆ ಕಂಪನಿಗೆ ಹೋಗುತ್ತದೆ, ಹೇಳಿದರೆ ಎರಡೂ ಹೋಗುತ್ತವೆ. ಹೇಳದಿದ್ದರೆ ಅವನೇ ಹೋಗುತ್ತಾನೆ.

"ಡಾಕ್ಟ್ರೇ," ಎಂದಳು. "ಆ ಫೋನಲ್ಲಿರೋ ಹೃದಯ ಇವರದಲ್ಲ. ನಂದು."

ಡಾಕ್ಟರ ಪೆನ್ನು ನಿಂತಿತು.

"ಇವರು ನಡೆಯೋದೇ ಇಲ್ಲ. ಸಿಗರೇಟ್ ಬಿಟ್ಟಿಲ್ಲ. ಪ್ರೀಮಿಯಂ ಏರಬಾರದು ಅಂತ ನಾನೇ ಬ್ಯಾಂಡ್ ಕಟ್ಕೊಂಡು ನಡೀತಿದ್ದೆ."

ಮುಂದಿನದೆಲ್ಲ ಸರಸರ ಆಯಿತು. ಎದೆಗೆ ವೈರು ಅಂಟಿಸಿದರು. ಇಸಿಜಿ ಕಾಗದ ಹೊರಬರುತ್ತಿದ್ದಂತೆ ಡಾಕ್ಟರ ಮುಖ ಇಳಿಯಿತು. ಮಾತ್ರೆ ಕೊಟ್ಟು ಅಗಿಯಲು ಹೇಳಿದರು, ತಾವೇ ಆಂಬುಲೆನ್ಸಿಗೆ ಫೋನ್ ಮಾಡಿದರು. "ಇದನ್ನ ನಿನ್ನೇನೇ ತೆಗೀಬೇಕಿತ್ತು ನಾನು," ಎಂದರು ಯಾರ ಮುಖವನ್ನೂ ನೋಡದೆ.

ಆಂಬುಲೆನ್ಸ್ ಹೆಬ್ಬಾಳದ ಫ್ಲೈಓವರ್ ಹತ್ತಿರ ಬಂದು ಸಿಕ್ಕಿಹಾಕಿಕೊಂಡಿತು. ಮೇಲೆ ಸೈರನ್ ಅರಚುತ್ತಿತ್ತು, ಸುತ್ತ ಹಾರ್ನುಗಳು. ಪುನೀತ ಕಣ್ಣು ತೆರೆದು ಅವಳ ಮಣಿಕಟ್ಟು ನೋಡಿದ. ಬ್ಯಾಂಡು ಇನ್ನೂ ಅಲ್ಲೇ ಇತ್ತು. ಇವತ್ತು ಬಿಚ್ಚಲು ಅವನಿಗೆ ಪುರುಸೊತ್ತು ಸಿಕ್ಕಿರಲಿಲ್ಲ.

"ನಿಮ್ ಕೆಲ್ಸ ಹೋಗುತ್ತೆ."

"ಹೋಗ್ಲಿ."

"ನಂಗೋಸ್ಕರ ಯಾಕ್ರೀ ಇಷ್ಟೆಲ್ಲಾ?"

"ಆ ರಸ್ತೇಲಿ ಏರು ಇಲ್ಲ, ಅದಕ್ಕೆ," ಎಂದಳು.

ಅವನಿಗೆ ಅರ್ಥವಾಯಿತು. ಆಕ್ಸಿಜನ್ ಮಾಸ್ಕಿನೊಳಗೆ ನಕ್ಕ. "ಶರ್ವಾಣಿ," ಎಂದ. ಮೇಡಂ ಎನ್ನದೆ ಕರೆದದ್ದು ಅದೇ ಮೊದಲು. "ಅದನ್ನ ನಂಗೆ ಕಟ್ಟಿ."

ಗೋಪಾಲಮ್ಮನ ಕಂಕಣದ ಮಾತು ಅವಳ ಎದೆಯಲ್ಲಿ ಮುಳ್ಳಾಡಿತು. ಆದರೂ ಬಿಚ್ಚಿದಳು. ಅವನ ತಣ್ಣಗಿನ ಮಣಿಕಟ್ಟಿಗೆ ಸುತ್ತಿ, ಒಂದೊಂದೇ ತೂತು ಸಡಿಲಿಸಿ ಕಟ್ಟಿದಳು. ಬ್ಯಾಂಡಿನ ಹಸಿರು ದೀಪ ಹುಡುಕಾಡಿ ಕೊನೆಗೆ ನಾಡಿ ಹಿಡಿಯಿತು. ಒಮ್ಮೆ ಓಡುವುದು, ಒಮ್ಮೆ ಎಡವುವುದು, ಮತ್ತೆ ಓಡುವುದು.

"ಇದು ನಿಜವಾಗ್ಲೂ ನಂದಾ?"

"ನಿಮ್ದೇ."

"ಚೆನ್ನಾಗಿಲ್ಲ ಅಲ್ವಾ?"

"ಚೆನ್ನಾಗಿಲ್ಲ," ಎಂದು ಶರ್ವಾಣಿ ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. "ಆದ್ರೆ ನಂಗೆ ಇದೇ ಬೇಕು."

ಅವನು ಕಣ್ಣು ಮುಚ್ಚಿದ. ಅವಳು ದೀಪದಿಂದ ಕಣ್ಣು ತೆಗೆಯಲಿಲ್ಲ. ಮುಂದಿದ್ದ ಬಸ್ಸು ಇನ್ನೂ ಅಲುಗಿರಲಿಲ್ಲ.