ದಾರವಿಲ್ಲದ ಹೊಲಿಗೆ

"ಅಪ್ಪಾ, ಕಂಡಕ್ಟರ್ ಅಂಕಲ್ ಬಂದ್ರು!"

ಚೋಟು ಬಾಗಿಲಿಂದ ಕೂಗಿದ್ದೇ ತಡ, ಅಪ್ಪ ಕೈಯಲ್ಲಿದ್ದ ಲಂಗವನ್ನು ಅತ್ತ ಎಸೆದ. ಬಟ್ಟೆಯ ರಾಶಿಯಿಂದ ಖಾಕಿ ಪ್ಯಾಂಟಿನ ಒಂದು ಕಾಲನ್ನು ಎಳೆದು ಸೂಜಿಯ ಕೆಳಗೆ ತೂರಿಸಿದ. ಮೆಷಿನ್ ಟಕಟಕ ಓಡತೊಡಗಿತು. ಸೂಜಿಯಲ್ಲಿ ದಾರವೇ ಇರಲಿಲ್ಲ.

"ಏನಪ್ಪಾ ಟೈಲರ್, ನಮ್ಮ ಪ್ಯಾಂಟು?"

"ನಿಮ್ಮದೇ ಸ್ವಾಮಿ, ನೋಡಿ, ಸೂಜಿ ಕೆಳಗೇ ಇದೆ! ಕರೆಂಟು ಹೋಗದೇ ಇದ್ದಿದ್ರೆ ನಿನ್ನೆನೇ ಮುಗೀತಿತ್ತು. ಇವತ್ತು ಗುಂಡಿ ಬಂದ್ರೆ ಗುರುವಾರ ಗ್ಯಾರಂಟಿ."

ಕಾಲಲ್ಲಿ ತುಳಿಯುವ ಮೆಷಿನ್ನಿಗೆ ಕರೆಂಟು ಯಾಕೆ ಅಂತ ಕಂಡಕ್ಟರಿಗೆ ಹೊಳೆಯಲಿಲ್ಲ. "ಮೂರು ಗುರುವಾರ ಆಯ್ತಲ್ಲಯ್ಯಾ!" ಎಂದು ಗೊಣಗುತ್ತ ಹೋದರು.

ಚೋಟು ಬಾಗಿಲ ಕಾವಲು ಬಿಟ್ಟು ಬಂದು ಹೋಮ್‌ವರ್ಕಿಗೆ ಕೂತಳು. 'ಇಫ್' ಬಳಸಿ ಹತ್ತು ಇಂಗ್ಲಿಷ್ ವಾಕ್ಯ ಬರೆಯಬೇಕಿತ್ತು. 'ಮಳೆ ಬಂದರೆ ನೆಲ ಒದ್ದೆಯಾಗುತ್ತದೆ' ಅನ್ನುವುದು ಬಿಟ್ಟು ಬೇರೆ ಏನೂ ತಲೆಗೆ ಬಂದಿರಲಿಲ್ಲ. ಈಗ ಪೆನ್ಸಿಲ್ ತಾನಾಗಿ ಓಡಿತು. ಇಫ್ ದ ಬಟನ್ಸ್ ಕಮ್ ಟುಡೇ, ಯುವರ್ ಪ್ಯಾಂಟ್ ವಿಲ್ ಬಿ ರೆಡಿ ಆನ್ ಥರ್ಸ್‌ಡೇ.

ಸಂಜೆಯೊಳಗೆ ಇನ್ನೂ ಆರು ಗಿರಾಕಿಗಳು ಬಂದು ಹೋದರು. ಹತ್ತಲ್ಲ, ಹದಿನಾಲ್ಕು ವಾಕ್ಯ ಆಯಿತು.

ಮರುದಿನ ಇಂಗ್ಲಿಷ್ ಮಿಸ್ ನೋಟ್‌ಬುಕ್ ಓದಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಷ್ಟು ನಕ್ಕಿದ್ದರು.

"ಇದೆಲ್ಲ ಎಲ್ಲಿಂದ ತಂದ್ಯೇ?"

"ಅಂಗಡಿಯಿಂದ ಮಿಸ್."

"ಸ್ಕೂಲ್ ಡೇಗೆ ಇದನ್ನೇ ನಾಟಕ ಮಾಡೋಣ. ಟೈಲರ್ ನೀನೇ. ಕುತ್ತಿಗೆಗೆ ಟೇಪ್ ಹಾಕ್ಕೊಂಡು ಒಂದೊಂದೇ ಹೇಳು. ಜನ ಹೊಟ್ಟೆ ಹಿಡ್ಕೊಂಡು ನಗ್ತಾರೆ!"

ಮೂರು ವರ್ಷದಿಂದ ಪ್ರತಿ ನಾಟಕದಲ್ಲೂ ಚೋಟುವಿಗೆ ಮರದ ಪಾರ್ಟು. ಮರಕ್ಕೆ ಮಾತಿಲ್ಲ, ಕೈನೋವು ಮಾತ್ರ. ಅವಳು ಕುಣಿಯುತ್ತ ಅಂಗಡಿಗೆ ಬಂದಳು.

"ಶನಿವಾರ ನಾಟಕ ಅಪ್ಪಾ! ಮೇನ್ ಪಾರ್ಟು ನಂದೇ!" ಯಾವ ಪಾರ್ಟು ಅಂತ ಹೇಳಲಿಲ್ಲ.

"ಹೌದೇನೇ! ಅಂಗಡಿ ಮುಚ್ಚಿ ಬರ್ತೀನಿ. ಮುಂದಿನ ಸಾಲಲ್ಲೇ ಕೂರ್ತೀನಿ," ಎಂದ ಅಪ್ಪ. ಗುಂಡಿಯ ಸುದ್ದಿ ಎತ್ತಲಿಲ್ಲ, ಕರೆಂಟಿನದೂ ಇಲ್ಲ.

ಅಷ್ಟರಲ್ಲಿ ನರ್ಸಮ್ಮ ಬಂದು, ಮಗನಿಗೆ ಸ್ಕೂಲ್ ಡೇಗೆ ಶರ್ಟು ಬೇಕು ಎಂದು ಬಟ್ಟೆ ಇಟ್ಟರು. ಹದಿನೇಳು ಬಟ್ಟೆ ಇನ್ನೂ ಹಾಗೇ ಬಿದ್ದಿದ್ದವು.

"ಒಳ್ಳೆ ದಾರ ಸಿಕ್ಕಿದ್ರೆ ಶನಿವಾರ ಬೆಳಗ್ಗೆ ಗ್ಯಾರಂಟಿ ಅಮ್ಮಾ."

ಅವರು ಹೋದ ಮೇಲೆ ಚೋಟು ಕೇಳಿದಳು: "ಆಗಲ್ಲ ಅಂತ ಹೇಳ್ಬಾರ್ದಾ ಅಪ್ಪಾ?"

ಅಪ್ಪ ಕಣ್ಣು ಕಿರಿದು ಮಾಡಿಕೊಂಡು ಸೂಜಿಗೆ ದಾರ ಪೋಣಿಸುತ್ತಿದ್ದ. ಮೂರು ಸಲ ತಪ್ಪಿತು. "ಆಗಲ್ಲ ಅಂದ್ರೆ ಎದುರಿನ ರೆಡಿಮೇಡ್ ಅಂಗಡಿಗೆ ಹೋಗ್ತಾರೆ ಮಗಳೇ. ಹೋದವರು ತಿರುಗಿ ಬರಲ್ಲ. ಹೀಗಂದ್ರೆ ಬೈತಾ ಬೈತಾ ಆದ್ರೂ ಇಲ್ಲಿಗೇ ಬರ್ತಾರೆ."

ತಾನೇ ಜೋಕ್ ಹೇಳಿದವನಂತೆ ನಕ್ಕ. ಚೋಟು ದಾರ ಇಸಿದುಕೊಂಡು ಪೋಣಿಸಿ ಕೊಟ್ಟಳು.

ಮರುದಿನ ಪ್ರಾಕ್ಟೀಸ್. ಮಿಸ್ ಅವಳ ಕುತ್ತಿಗೆಗೆ ಟೇಪ್ ಹಾಕಿದರು. ಚೋಟು ಮೊದಲ ವಾಕ್ಯ ಹೇಳಿದ್ದೇ ತಡ, ಕ್ಲಾಸು ಹೋ ಎಂದಿತು.

"ಅದು ನಮ್ಮಪ್ಪನ ಪ್ಯಾಂಟು ಕಣ್ರೋ!" ಕಂಡಕ್ಟರ ಮಗ ಬೆಂಚಿನ ಮೇಲೆ ಹತ್ತಿ ಕೂಗಿದ.

"ನನ್ನ ಶರ್ಟು ಶನಿವಾರ ಗ್ಯಾರಂಟಿ!" ನರ್ಸಮ್ಮನ ಮಗನೂ ದನಿಗೂಡಿಸಿದ.

ಚೋಟುವಿಗೆ ಶನಿವಾರದ ಮುಂದಿನ ಸಾಲು ಕಣ್ಣಿಗೆ ಕಟ್ಟಿತು. ಈ ಕಡೆ ಕಂಡಕ್ಟರು, ಆ ಕಡೆ ನರ್ಸಮ್ಮ, ಹಿಂದೆ ಊರಿನ ಗಿರಾಕಿಗಳೆಲ್ಲ. ನಡುವೆ ಅಪ್ಪ. ಎಲ್ಲರೂ ನಗುತ್ತಾರೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜೋರಾಗಿ ಅಪ್ಪನೇ ನಗುತ್ತಾನೆ.

ಅವಳು ಟೇಪ್ ತೆಗೆದು, ಸುತ್ತಿ, ಮೇಜಿನ ಮೇಲೆ ಇಟ್ಟಳು.

"ನಂಗೆ ಈ ಪಾರ್ಟು ಬೇಡ ಮಿಸ್."

"ಅಯ್ಯೋ ಹುಚ್ಚಿ! ಮತ್ತೆ ಮರ ಆಗ್ತೀಯಾ?"

"ಆಗ್ತೀನಿ."

"ಫಸ್ಟ್ ಪ್ರೈಜ್ ನಿಂಗೇ ಬರುತ್ತೆ ಕಣೇ." ಚೋಟು ಬೇಡವೆಂದು ತಲೆಯಾಡಿಸಿದಳು. ಮಿಸ್ ಬಿಡಲಿಲ್ಲ. "ಸರಿ, ನಿಮ್ಮಪ್ಪನ್ನ ನಾನೇ ಕೇಳ್ತೀನಿ. ಅವರು ಒಪ್ಪಿದ್ರೆ ಮಾಡ್ತೀಯಲ್ಲ?"

ಅಪ್ಪ ಒಪ್ಪೇ ಒಪ್ಪುತ್ತಾನೆ. ಯಾರಿಗೂ ಇಲ್ಲ ಅನ್ನಲು ಅವನಿಗೆ ಬರುವುದಿಲ್ಲ.

"ಒಪ್ಪಿದ್ರೂ ಮಾಡಲ್ಲ ಮಿಸ್."