ಸಂಗಮ್ಮನ ಬಲಗೈಯ ಗಂಟುಗಳು

"ಔಷಧ ಆಮ್ಯಾಲ ಕೊಡ್ರಿ ಸಾಹೇಬ್ರ, ಮೊದ್ಲು ನನ್ನ ಮನಿ ಉಳಿಸ್ರಿ" ಎನ್ನುತ್ತಲೇ ಕಂಪ್ಲಿಯ ಅಕ್ಕಿ ಗಿರಣಿ ತೋಟಪ್ಪ ನಮ್ಮ ಹೊಸಪೇಟೆ ದವಾಖಾನೆಯೊಳಗೆ ಬಂದ. ಅದು ಸಾವಿರದ ಒಂಬೈನೂರ ಮೂವತ್ತೆಂಟರ ಚಳಿಗಾಲ. ಊಟದ ಹೊತ್ತಿಗೆ ಬರುವವರನ್ನು ಕಂಡರೆ ನನಗೆ ಮೊದಲಿಂದಲೂ ಸಿಟ್ಟು. ಆದರೆ ನಾನು ಬರೀ ಕಂಪೌಂಡರ್ ಜಂಬಯ್ಯ. ನನ್ನ ಸಿಟ್ಟನ್ನು ಕೇಳುವವರು ಯಾರು? ಡಾಕ್ಟರ್ ಹಾಲಸ್ವಾಮಿಯವರು ಆಗಲೇ "ಕುಂದ್ರಿ" ಎಂದಾಗಿತ್ತು. ಅವರು ವಾಸಿ ಮಾಡಿದ ರೋಗಗಳಿಗಿಂತ ಬಿಡಿಸಿದ ಒಗಟುಗಳೇ ಹೆಚ್ಚು ಎಂದು ಊರವರು ಹೇಳುತ್ತಿದ್ದರು.

ತೋಟಪ್ಪನ ಹೆಂಡತಿ ಸಂಗಮ್ಮನ ಬಲಗೈಯಲ್ಲಿ ಎರಡು ತಿಂಗಳಿಂದ ಹುಣ್ಣು. ಯಾರೋ ಒಬ್ಬ ವೈದ್ಯ ಅದನ್ನು ಕುಷ್ಠ ಎಂದುಬಿಟ್ಟಿದ್ದ. ತೋಟಪ್ಪನ ತಾಯಿ ಮರುಳಸಿದ್ದಮ್ಮ ಸೊಸೆಯನ್ನು ಹಿತ್ತಲ ಕೋಣೆಗೆ ಹಾಕಿದ್ದರು. ಮೂರು ವರ್ಷದ ಮೊಮ್ಮಗಳು ಬಸಕ್ಕ ತಾಯಿಯನ್ನು ಮುಟ್ಟುವಂತಿರಲಿಲ್ಲ. ರೋಗ ತಂದವಳು ಮನೆಗೆಲಸದ ಹೊಳೆಮ್ಮ, ಅವಳ ಮೊಣಕೈ ಮೇಲೆ ಬಿಳಿ ಮಚ್ಚೆ ಇದೆ ಎಂದು ಅವಳನ್ನೂ ಬಿಡಿಸಿದ್ದರು.

"ಬರೋ ಸೋಮವಾರ ಆಕೀನ ಚೋರನೂರಿಗೆ, ತವರಿಗೆ ಕಳಸ್ತಾರಂತ್ರಿ. ಕೂಸನ್ನ ಮಾತ್ರ ಇಲ್ಲೇ ಇಟ್ಕೊಂತಾರಂತ" ಎಂದು ತೋಟಪ್ಪ ಅತ್ತೇಬಿಟ್ಟ. ಗಿರಣಿಯ ಯಜಮಾನ ಹಾಗೆ ಅಳುವುದನ್ನು ನೋಡಿ ನನ್ನ ಹಸಿವು ಇಂಗಿಹೋಯಿತು.

ಮರುದಿನ ಬೆಳಗಿನ ಬಸ್ಸಿಗೇ ಕಂಪ್ಲಿಗೆ ಹೋದೆವು. ಸಂಗಮ್ಮ ನಾನು ನೆನೆಸಿದಂತೆ ಬಡಕಲಾಗಿರಲಿಲ್ಲ. ಗಟ್ಟಿಮುಟ್ಟಾದ ಹೆಣ್ಣುಮಗಳು, ಜ್ವರವಿಲ್ಲ, ಕೆಮ್ಮಿಲ್ಲ, ಮೈ ಇಳಿದಿಲ್ಲ. ಅಂಗೈ ಬುಡದಲ್ಲಿ ಒಂದು ಹುಣ್ಣು; ಅಲ್ಲಿಂದ ಮೊಣಕೈವರೆಗೆ ಒಂದೇ ಸಾಲಿನಲ್ಲಿ ಐದು ಗಂಟು. ಡಾಕ್ಟರು ಅವಳ ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಹುಣ್ಣಿನ ಸುತ್ತ ಸವರಿದರು. ಪ್ರತಿ ಸಲವೂ "ಹೂಂ, ಗೊತ್ತಾತ್ರಿ" ಎಂದಳು.

"ಕೆಲಸ ಮಾಡೋವಾಗ ಮುಳ್ಳು ಗಿಳ್ಳು ಚುಚ್ಚಿತ್ತೇನ್ ತಂಗಿ?"

"ಇಲ್ರಿ. ಮನಿಕೆಲಸದಾಗ ಏನೂ ಚುಚ್ಚಿಲ್ರಿ."

ಹೊಳೆಮ್ಮನನ್ನೂ ಕರೆಸಿದರು. ಅವಳ ಕೈತುಂಬ ಹಳೆಯ ಗೀರುಗಳಿದ್ದವು, ಹುಣ್ಣು ಒಂದೂ ಇರಲಿಲ್ಲ. ಅವಳ ಬಿಳಿ ಮಚ್ಚೆಗೂ ಹತ್ತಿಯ ಎಳೆ ಚೆನ್ನಾಗಿ ತಿಳಿಯುತ್ತಿತ್ತು. ಬಾಳೆ ಕಡಿಯುವುದು, ಸೌದೆ ಒಡೆಯುವುದು, ಸಗಣಿ ಬಳಿಯುವುದು ಎಲ್ಲವನ್ನೂ ಇಬ್ಬರೂ ಸೇರಿಯೇ ಮಾಡುತ್ತಿದ್ದರಂತೆ.

ಆಮೇಲೆ ಡಾಕ್ಟರು ಹಿತ್ತಲಲ್ಲಿ ಅರ್ಧ ಗಂಟೆ ಸುಮ್ಮನೆ ತಿರುಗಿದರು. ಬಿಲ್ವದ ಮರದ ಬುಡದಲ್ಲಿ ಒಂದು ಗುಂಡಿ. ಅದರ ತುಂಬ ಪೂಜೆ ಮುಗಿದ ಪತ್ರೆ, ಹೂವು. ಮೇಲಿನದು ಬಾಡಿತ್ತು, ಕೆಳಗಿನದು ಕೊಳೆತು ಕಪ್ಪಾಗಿತ್ತು. ಎಲ್ಲವೂ ಅದುಮಿ ತುಂಬಿದಂತೆ ಗಟ್ಟಿಯಾಗಿತ್ತು, ಆದರೆ ಅದರ ಮೇಲೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ಡಾಕ್ಟರು ಚಿಮಟದಿಂದ ಒಂದು ಕಡ್ಡಿ ಎತ್ತಿ ಸೀಸೆಗೆ ಹಾಕಿದರು. ಗಂಟಿನ ಕೀವನ್ನು ಇನ್ನೊಂದು ಸೀಸೆಗೆ ತೆಗೆದರು. ಎರಡನ್ನೂ ಮದ್ರಾಸಿನಲ್ಲಿದ್ದ ತಮ್ಮ ಗೆಳೆಯರ ಪ್ರಯೋಗಶಾಲೆಗೆ ಕಳಿಸಬೇಕಿತ್ತು.

"ಅವ್ವಾರ, ಮೂರು ವಾರ ತಡೀರಿ. ಅಲ್ಲೀತನ ಸೊಸೀನ ಎಲ್ಲೂ ಕಳಿಸಬ್ಯಾಡ್ರಿ" ಎಂದರು. ಮರುಳಸಿದ್ದಮ್ಮ ಒಲ್ಲದ ಮನಸ್ಸಿನಿಂದ ಒಪ್ಪಿದರು.

ಮೂರು ವಾರದ ನಂತರ ಅದೇ ಮನೆಯ ಪಡಸಾಲೆಯಲ್ಲಿ ಎಲ್ಲರೂ ಸೇರಿದೆವು; ಡಾಕ್ಟರು ಹೊಳೆಮ್ಮನನ್ನೂ ಕರೆಸಿದ್ದರು. ಸಂಗಮ್ಮ ಬಾಗಿಲ ಆಚೆಯೇ ನಿಂತಿದ್ದಳು.

ಡಾಕ್ಟರು ಶುರುಮಾಡಿದರು: "ಇದು ಕುಷ್ಠ ಅಲ್ಲ. ಕುಷ್ಠದ ಮಚ್ಚೀಗೆ ಸ್ಪರ್ಶ ತಿಳಿಯಂಗಿಲ್ಲ, ಈಕೀಗೆ ತಿಳೀತದ. ಹೊಳೆಮ್ಮನದು ಬರೀ ತೊನ್ನು, ಅದು ಯಾರಿಗೂ ಅಂಟಂಗಿಲ್ಲ. ಇನ್ನ ಸಂಗಮ್ಮನ ಗಂಟು ನೋಡ್ರಿ, ಸಾಲಾಗಿ ಮ್ಯಾಲೇರ್ಯಾವ. ಅಂದ್ರ ಅಂಗೈಯಾಗ ಏನೋ ಹೊಕ್ಕು, ಚರ್ಮದ ಕೆಳಗಿನ ರಸನಾಳದಗುಂಟ ಹತ್ತೇದ. ಮದ್ರಾಸಿನಾಗ ಒಬ್ಬ ಗುಲಾಬಿ ತೋಟದವನ ಕೈ ಹಿಂಗ ಆಗಿದ್ದು ನೋಡಿದ್ದೆ. ಅದೊಂದು ಬೂಷ್ಟು."

"ಬೂಷ್ಟು ರೊಟ್ಟಿಗೆ ಬರತೈತಿ, ಗಟ್ಟಿ ಇದ್ದ ಮನುಷ್ಯಾರಿಗೆ ಹೆಂಗ ಬರತೈತ್ರಿ?" ಎಂದ ತೋಟಪ್ಪ. ನಾನು ಮನಸ್ಸಿನಲ್ಲೇ ಕೇಳಿಕೊಂಡಿದ್ದ ಪ್ರಶ್ನೆಯೂ ಅದೇ.

"ಮುಳ್ಳಿನ ತುದೀಲೆ ಚರ್ಮದೊಳಗ ಹೋದ್ರ ಪೈಲ್ವಾನಗೂ ಬರತದ. ಆದ್ರ ಮುಳ್ಳು ಎಲ್ಲೀದು? ಇಬ್ರೂ ಕೂಡಿ ಮಾಡೋ ಕೆಲಸ ಎಲ್ಲ ಬಿಟ್ಟೆ. ಅದರಿಂದಾಗಿದ್ರ ಹೊಳೆಮ್ಮಗೂ ಬರಬಹುದಿತ್ತು. ಸಂಗಮ್ಮ ಒಬ್ಬಾಕಿನ ಮಾಡೋದು, ಹೊಳೆಮ್ಮ ಮುಟ್ಟಬಾರದ್ದು ಯಾವುದು ಅಂತ ಕೇಳ್ಕೊಂಡೆ. ಪೂಜಿ ಒಂದಾ. ನಾನು ಕೇಳಿದ್ದು ತಪ್ಪಾತು ನೋಡ್ರಿ. ಮನಿಕೆಲಸದಾಗ ಚುಚ್ಚಿಲ್ಲ ಅಂದ್ಲು. ಪೂಜೀನ ಯಾರು ಕೆಲಸ ಅಂತಾರ?"

ಬಾಗಿಲಾಚೆಯಿಂದ ಸಂಗಮ್ಮ ಮೆಲ್ಲಗೆ ಹೇಳಿದಳು: "ಶಿವನ ಪತ್ರಿ ಮುಳ್ಳು ಚುಚ್ಚಿದ್ರ ಅದನ್ನ ಗಾಯ ಅನಬಾರದಂತ್ರಿ. ವಿಭೂತಿ ಹಚ್ಚಿ ಸುಮ್ನಾಗಿದ್ದೆ."

"ಪತ್ರಿದೇನೂ ತಪ್ಪಿಲ್ಲ. ಕೊಳೆತ ಗುಂಡ್ಯಾಗ ಬಿದ್ದ ಮುಳ್ಳುಕಡ್ಡೀದು. ಕಸದ ಗುಂಡಿ ಆಗಿದ್ರ ಕಾಲಿಲೆ ತುಳಿದು ಅದುಮ್ತಿದ್ರಿ. ನಿರ್ಮಾಲ್ಯ ತುಳಿಯಂಗಿಲ್ಲ, ಆದ್ರ ಗುಂಡಿ ಗಟ್ಟಿ ಆಗೇದ. ಹಂಗಾರ ಕೈಲೆ ಒತ್ತಿರಬೇಕು, ಅದೂ ಅಂಗೈ ಬುಡ ಊರಿ. ನಿನ್ನೆ ಮದ್ರಾಸಿಂದ ಕಾಗದ ಬಂತು. ಕೀವಿನಾಗ ಬೆಳೆದ ಬೂಷ್ಟೇ ಕಡ್ಡ್ಯಾಗೂ ಬೆಳೆದದ. ಜಂಬಯ್ಯ ಅಯೊಡೈಡ್ ಹನಿ ಕೊಡ್ತಾನ, ಹಾಲಿನಾಗ ಹಾಕಿ ಕುಡೀಲಿ. ಮೂರು ತಿಂಗಳು ಹಿಡೀತದ, ಆದ್ರ ವಾಸಿ ಆಗ್ತದ. ಕೈಗೆ ಬಟ್ಟಿ ಕಟ್ಟಿಕೊಂಡು ಕೂಸನ್ನ ಎತ್ತಿಕೊಳ್ಳಲಿ, ಏನೂ ಆಗಂಗಿಲ್ಲ."

ಮರುಳಸಿದ್ದಮ್ಮ ತಲೆ ತಗ್ಗಿಸಿಕೊಂಡೇ ಮಾತಾಡಿದರು.

"ಮೊದ್ಲೆಲ್ಲ ಹೊಳಿಗೇ ಬಿಡ್ತಿದ್ದೆನ್ರಿ. ಮೊಣಕಾಲು ನೋವು ಬಂದ ಮ್ಯಾಲ ಗುಂಡಿ ತೋಡಿಸಿದಾಕಿ ನಾನು. ಕಾಲು ತಾಕಿಸಬ್ಯಾಡ, ಕೈಲೆ ಒತ್ತು ಅಂತ ಈಕೀಗೆ ಹೇಳಿದಾಕೀನೂ ನಾನ."

"ನಾಳಿಂದ ನಾ ಕೆಲಸಕ್ಕ ಬರ್ತೀನ್ರಿ. ಆದ್ರ ನನ್ನ ಮಚ್ಚಿ ನೋಡಿ ಮಾರಿ ತಿರುವಬ್ಯಾಡ್ರಿ" ಎಂದಳು ಹೊಳೆಮ್ಮ. ಮುದುಕಿ ಅವಳಿಗೆ ಕೈ ಮುಗಿದರು. ಇಷ್ಟು ದಿನ ಅವರ ಮೇಲೆ ನನಗಿದ್ದ ಕೋಪ ಆಗ ಅರ್ಧ ಇಳಿಯಿತು.

ಆಮೇಲೆ ಅವರು ಕಷ್ಟಪಟ್ಟು ಎದ್ದು ಒಳಗಿನಿಂದ ಬಸಕ್ಕನನ್ನು ಕರೆತಂದರು. ಮಗು ತಾಯಿಯಿಂದ ಎರಡು ಮಾರು ದೂರದಲ್ಲೇ ನಿಂತುಬಿಟ್ಟಿತು.

"ಅಜ್ಜೀ, ಅವ್ವನ್ನ ಮುಟ್ಲ್ಯಾ?"

ಸಂಗಮ್ಮ ರೂಢಿಯಂತೆ ಬಟ್ಟೆ ಸುತ್ತಿದ್ದ ಬಲಗೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಮರುಳಸಿದ್ದಮ್ಮ ಆ ಕೈಯನ್ನೇ ಹಿಡಿದು ಮುಂದಕ್ಕೆ ತಂದು, ಮೊಮ್ಮಗಳ ತಲೆಯ ಮೇಲಿಟ್ಟರು.